ಕ್ಲೀನರ್ ಸೀಟು ಖಾಲಿಯಾಗಿದೆ, ಆ ಪಾಠವನ್ನು ಇನ್ನು ಇಲಾಖೆ ಕಲಿಸಲಿ

ಕಾಸರಗೋಡು ಪ್ರಾದೇಶಿಕ ಸಾರಿಗೆ ಅಧಿಕಾರಿಗಳಿಗೂ ಕೇರಳ ಮೋಟಾರು ವಾಹನ ಇಲಾಖೆಯ ಮೇಲಧಿಕಾರಿಗಳಿಗೂ ಬದಿಯಡ್ಕ ಕಡೆಯ ಲಾರಿ ಡ್ರೈವರೊಬ್ಬನ ಬಹಿರಂಗ ಪತ್ರ

ಮಾನ್ಯರೇ,

ಮುರಕಲ್ಲು, ಜಲ್ಲಿ, ಸಿಮೆಂಟು, ಹಂಚು, ಅಡಿಕೆ ಎಂದು ಸಿಕ್ಕಿದ ಲೋಡು ಹೇರಿಕೊಂಡು ಪೆರ್ಲ, ಮುಳ್ಳೇರಿಯ, ಸುಳ್ಯ, ಮಂಗಳೂರು ತಿರುಗಿ ಬದುಕು ಕಟ್ಟಿಕೊಂಡವನು ನಾನು. ಇಷ್ಟರವರೆಗೆ ಇಲಾಖೆಯ ಮೆಟ್ಟಿಲು ಹತ್ತಿದ್ದು ಲೈಸೆನ್ಸ್, ಫಿಟ್‌ನೆಸ್, ಟ್ಯಾಕ್ಸ್ ಕೆಲಸಕ್ಕೆ ಮಾತ್ರ. ಇವತ್ತಿನ ಬೇಡಿಕೆ ಬೇರೆ. ಊರವರೂ ಓದಲಿ ಎಂದೇ ಬಹಿರಂಗವಾಗಿ ಬರೆಯುತ್ತಿದ್ದೇನೆ. ಇಲ್ಲಿನ ಕನ್ನಡಿಗರು ಸರಕಾರಕ್ಕೆ ಕನ್ನಡದಲ್ಲೇ ಬರೆಯಲು ಕೇರಳದ ಭಾಷಾ ಕಾನೂನಿನಲ್ಲಿ ಅವಕಾಶ ಇದೆ ಎಂಬ ಧೈರ್ಯವೂ ನನಗಿದೆ.

ಬೇಡಿಕೆಯನ್ನು ಮೊದಲೇ ಹೇಳಿಬಿಡುತ್ತೇನೆ. ಭಾರೀ ವಾಹನದ ಲೈಸೆನ್ಸ್ ಹೊಸದಾಗಿ ಪಡೆಯುವವರಿಗೆ ಎರಡು ದಿನ, ಐದು ವರ್ಷಕ್ಕೊಮ್ಮೆ ನವೀಕರಿಸಲು ಬರುವವರಿಗೆ ಒಂದು ದಿನ ಸುರಕ್ಷಿತ ಚಾಲನೆಯ ಪಾಠ ಮಾಡಿಸಬೇಕು. ಬೇಳದ ಡ್ರೈವಿಂಗ್ ಟೆಸ್ಟ್ ಮೈದಾನದಲ್ಲೇ ಮಾಡಬಹುದು. ಎದುರಿಗೆ ಲೋಡು ಹೇರಿದ ಲಾರಿ ನಿಂತಿರಬೇಕು. ಮಲಯಾಳದ ತಂಡದ ಹಾಗೆಯೇ ಕನ್ನಡದ್ದೂ ಒಂದು ತಂಡ ಇರಬೇಕು. ಕಲಿಸುವವರಲ್ಲಿ ಒಬ್ಬರಾದರೂ ಲೋಡು ಗಾಡಿ ಓಡಿಸಿ ಪಳಗಿದ ಡ್ರೈವರ್ ಆಗಿರಬೇಕು.

ಇಷ್ಟು ವರ್ಷ ಈ ಪಾಠ ಇಲ್ಲದೆಯೇ ಲಾರಿ ಓಡಲಿಲ್ಲವೇ ಎಂದು ಕೇಳುವವರಿದ್ದಾರೆ. ಓಡಿದವು, ಯಾಕೆಂದರೆ ಆಗ ಕಲಿಸುವವರು ಕ್ಯಾಬಿನ್ ಒಳಗೇ ಇದ್ದರು. ಹುಡುಗ ಮೊದಲು ಕ್ಲೀನರ್ ಆಗಿ ಲಾರಿ ಹತ್ತುತ್ತಿದ್ದ. ಸ್ಟೇರಿಂಗ್ ಕೈಗೆ ಸಿಗಲು ವರ್ಷಗಟ್ಟಲೆ ಕಾಯಬೇಕಿತ್ತು. ಆ ವರ್ಷಗಳಲ್ಲಿ ಅವನು ಮಾಡುತ್ತಿದ್ದ ಕೆಲಸವೇ ಅವನ ಓದು.

ಬೆಳಿಗ್ಗೆ ಗಾಡಿ ಹೊರಡುವ ಮೊದಲು ಕೆಳಗೆ ನುಗ್ಗಿ, ಬ್ರೇಕಿಗೆ ಗಾಳಿ ಕೊಡುವ ಏರ್ ಟ್ಯಾಂಕಿನ ಡ್ರೈನ್ ವಾಲ್ವ್ ಎಳೆಯಬೇಕು. ನಮ್ಮ ಕರಾವಳಿಯ ಗಾಳಿಯಲ್ಲಿ ತೇವ ಜಾಸ್ತಿ. ಕಂಪ್ರೆಸರ್ ಎಳೆದುಕೊಂಡ ಗಾಳಿಯ ನೀರೆಲ್ಲ ಟ್ಯಾಂಕಿನ ತಳದಲ್ಲಿ ನಿಲ್ಲುತ್ತದೆ. ತೆಗೆಯದೆ ಬಿಟ್ಟರೆ ಗಾಳಿಗೆ ಇರುವ ಜಾಗ ಕಡಿಮೆಯಾಗುತ್ತದೆ, ವಾಲ್ವುಗಳು ತುಕ್ಕು ಹಿಡಿಯುತ್ತವೆ. ವಾಲ್ವ್ ಎಳೆದ ಕೂಡಲೇ ಬುಸ್ ಎಂದು ಕಂದು ನೀರು ಚಿಮ್ಮುತ್ತದೆ, ಬರೀ ಗಾಳಿ ಬರುವ ತನಕ ಹಿಡಿದುಕೊಂಡೇ ಇರಬೇಕು. ನೀರಿನ ಜೊತೆ ಎಣ್ಣೆ ಹೆಚ್ಚು ಬಂದರೆ ಕಂಪ್ರೆಸರ್ ಸವೆಯುತ್ತಿದೆ ಎಂದು ಅರ್ಥ. ಆಮೇಲೆ ವೀಲ್ ಸ್ಪ್ಯಾನರ್ ಹಿಡಿದು ಒಂದೊಂದೇ ಟಯರಿಗೆ ಬಡಿಯಬೇಕು. ಗಾಳಿ ಸರಿ ಇರುವ ಟಯರು ಸ್ಪ್ಯಾನರನ್ನು ಹಿಂದಕ್ಕೆ ಎಸೆಯುತ್ತದೆ, ಇಳಿದ ಟಯರು ದೊಪ್ಪೆಂದು ಸುಮ್ಮನಾಗುತ್ತದೆ. ಹಿಂದಿನ ಜೋಡಿ ಚಕ್ರದಲ್ಲಿ ಒಳಗಿನ ಟಯರು ಇಳಿದದ್ದು ಕಣ್ಣಿಗೆ ಕಾಣುವುದಿಲ್ಲ, ಕಿವಿಯೇ ಹೇಳಬೇಕು.

ಇಳಿಜಾರು ಮುಗಿಸಿ ಚಹಾಕ್ಕೆ ನಿಂತಾಗ ಕ್ಲೀನರ್ ಒಂದು ಸುತ್ತು ಬಂದು, ಕೈಯ ಹಿಂಭಾಗವನ್ನು ಪ್ರತಿ ಚಕ್ರದ ಬ್ರೇಕ್ ಡ್ರಮ್ಮಿನ ಹತ್ತಿರ ಹಿಡಿದು ನೋಡುತ್ತಿದ್ದ. ಮುಟ್ಟುವುದಿಲ್ಲ, ಶಾಖ ತಿಳಿದರೆ ಸಾಕು. ಹತ್ತು ಚಕ್ರದ ಗಾಡಿಗೆ ಆರು ಡ್ರಮ್. ಐದು ಬಿಸಿಯಾಗಿದ್ದು ಒಂದು ತಣ್ಣಗಿದ್ದರೆ ಆ ತಣ್ಣಗಿನ ಚಕ್ರದ ಬ್ರೇಕ್ ಹಿಡಿಯುತ್ತಿಲ್ಲ, ಅದರ ಪಾಲಿನ ಭಾರವನ್ನು ಉಳಿದ ಐದು ಹೊತ್ತಿವೆ. ಐದು ತಣ್ಣಗಿದ್ದು ಒಂದು ಕಾದಿದ್ದರೆ ಅಲ್ಲಿ ಬ್ರೇಕ್ ಬಿಟ್ಟುಕೊಂಡಿಲ್ಲ. ವರ್ಕ್‌ಶಾಪಿಗೆ ಹೋಗದೆ, ಒಂದು ಪೈಸೆ ಖರ್ಚಿಲ್ಲದೆ ತಿಳಿಯುವ ಸಂಗತಿ ಇದು. ಇವತ್ತು ಲಾರಿ ಓಡಿಸುವ ಎಷ್ಟೋ ಹುಡುಗರಿಗೆ ಇದು ಗೊತ್ತಿಲ್ಲ. ಅವರ ದಡ್ಡತನ ಅಲ್ಲ, ಹೇಳಿಕೊಟ್ಟವರಿಲ್ಲ.

ಈಗ ಆ ಸೀಟು ಖಾಲಿ. ಡೀಸೆಲ್, ಇನ್ಶೂರೆನ್ಸ್, ಸಾಲದ ಕಂತು ಕಟ್ಟಿ ಉಳಿಯುವುದರಲ್ಲಿ ಎರಡನೆಯವನಿಗೆ ಸಂಬಳ ಕೊಡಲು ಓನರಿಗೆ ಆಗುತ್ತಿಲ್ಲ. ಹುಡುಗರಿಗೂ ಗ್ರೀಸು ಮೆತ್ತಿಕೊಂಡು ಕಾಯುವ ಆ ಕೆಲಸ ಬೇಡ, ಪಾಸ್‌ಪೋರ್ಟ್ ಕೈಗೆ ಬಂದರೆ ಗಲ್ಫ್ ಇದೆ. ನ್ಯಾಷನಲ್ ಪರ್ಮಿಟ್ ಲಾರಿಗೆ ಇಬ್ಬರು ಡ್ರೈವರ್ ಇರಬೇಕೆಂಬ ಕೇಂದ್ರದ ನಿಯಮವನ್ನೂ 2018ರಲ್ಲಿ ತೆಗೆದರು. 2019ರಲ್ಲಿ ಎಂಟನೇ ತರಗತಿ ಓದಿರಬೇಕೆಂಬ ಷರತ್ತು ಹೋಯಿತು. ಅದು ಹೋದದ್ದಕ್ಕೆ ನನಗೆ ಸಂತೋಷವೇ, ಓದು ಇಲ್ಲದೆಯೂ ಚೆನ್ನಾಗಿ ಗಾಡಿ ಓಡಿಸುವವರನ್ನು ಕಂಡಿದ್ದೇನೆ. ಆದರೆ ಆ ಷರತ್ತು ತೆಗೆಯುವಾಗ ತರಬೇತಿಗೆ ಹೆಚ್ಚು ಒತ್ತು ಕೊಡುತ್ತೇವೆ ಎಂದು ಕೇಂದ್ರ ಸಾರಿಗೆ ಸಚಿವಾಲಯ ಹೇಳಿತ್ತು. ಆ ಒತ್ತು ನಮ್ಮ ಗಡಿ ಜಿಲ್ಲೆಯ ಡ್ರೈವರನ್ನು ಇನ್ನೂ ಮುಟ್ಟಿಲ್ಲ. ಹುಡುಗ ಖಾಲಿ ಗಾಡಿಯಲ್ಲಿ ಕಲಿಯುತ್ತಾನೆ, ಖಾಲಿ ಗಾಡಿಯಲ್ಲೇ ಟೆಸ್ಟ್ ಕೊಡುತ್ತಾನೆ. ಲೈಸೆನ್ಸ್ ಕೈಗೆ ಬಂದ ಮೇಲೆ ಹತ್ತುವುದು ಮಾತ್ರ ತುಂಬಿದ ಟಿಪ್ಪರು. ಖಾಲಿ ಗಾಡಿ ಅವನಿಗೆ ಕಲಿಸಿದ ಅಂದಾಜುಗಳಲ್ಲಿ ಅರ್ಧಕ್ಕರ್ಧ ಲೋಡು ಗಾಡಿಯಲ್ಲಿ ತಪ್ಪು.

ನಮ್ಮ ಜಿಲ್ಲೆ ಪೂರ್ತಿ ಏರು-ತಗ್ಗು. ಚೆರ್ಕಳದಿಂದ ಬದಿಯಡ್ಕ, ಪೆರ್ಲ ದಾಟಿ ಅಡ್ಯನಡ್ಕ ಕಡೆಗೆ ಹೋಗಲಿ, ಬೋವಿಕ್ಕಾನ, ಮುಳ್ಳೇರಿಯ ಮೂಲಕ ಜಾಲ್ಸೂರಿಗೆ ಇಳಿಯಲಿ, ಹೆದ್ದಾರಿಯಲ್ಲೇ ಬೇವಿಂಜೆ ದಾಟಿ ತೆಕ್ಕಿಲ್ ಸೇತುವೆಗೆ ಬರಲಿ, ಕಾಲು ಬ್ರೇಕಿನಿಂದ ತೆಗೆಯುವ ಹಾಗಿಲ್ಲ. ಪೂರ್ವದ ಮಲೆ ಕಡೆಗೆ ಹೋದರೆ ಇನ್ನೂ ಕಡಿದು. ಪಾಣತ್ತೂರಿನ ಪರಿಯಾರಂ ಇಳಿಜಾರನ್ನು ತಮಗೆ ನೆನಪಿಸಬೇಕಾಗಿಲ್ಲ. 2021ರ ಜನವರಿ 3ರಂದು ಈಶ್ವರಮಂಗಲ ಕಡೆಯಿಂದ ಮದುವೆಗೆ ಹೊರಟಿದ್ದ ಬಸ್ಸು ಅಲ್ಲಿ ಹಿಡಿತ ತಪ್ಪಿ ಮನೆಯ ಮೇಲೆ ಉರುಳಿ ಏಳು ಮಂದಿ ತೀರಿಕೊಂಡರು. ಅದೇ ವರ್ಷ ಡಿಸೆಂಬರಿನಲ್ಲಿ ಅದೇ ಪರಿಯಾರಂನಲ್ಲಿ ಮರ ಹೇರಿದ ಲಾರಿ ಮಗುಚಿ ನಾಲ್ವರು ಕೂಲಿಯಾಳುಗಳು ಸತ್ತರು. ಒಂದೇ ವರ್ಷದಲ್ಲಿ ಒಂದೇ ಜಾಗ. ಆ ಎರಡು ಅಪಘಾತಗಳಲ್ಲಿ ಯಾರದು ತಪ್ಪು ಎಂದು ತೀರ್ಪು ಕೊಡುವುದು ನನ್ನ ಕೆಲಸ ಅಲ್ಲ. ಇಳಿಜಾರು ಭಾರದ ಗಾಡಿಗೆ ಏನು ಮಾಡುತ್ತದೆ ಎಂಬುದನ್ನು ಮಾತ್ರ ಹೇಳುತ್ತೇನೆ.

ಹತ್ತು ಚಕ್ರದ ಲಾರಿ ಲೋಡು ಸಹಿತ ಕಾನೂನು ಪ್ರಕಾರವೇ 28 ಟನ್ ತೂಗಬಹುದು. ಅದು ನೂರು ಮೀಟರ್ ಎತ್ತರದಿಂದ ಬರೀ ಕಾಲ್ಬ್ರೇಕಿನಲ್ಲಿ ಇಳಿದರೆ ಡ್ರಮ್ಮುಗಳು ನುಂಗಬೇಕಾದ ಶಾಖ, ಸುಮಾರು 80 ಲೀಟರ್ ತಣ್ಣೀರನ್ನು ಕುದಿ ಬರಿಸಲು ಸಾಲುವಷ್ಟು. ಹಬ್ಬದ ದಿನ ಮನೆಮಂದಿಗೆಲ್ಲ ಎಣ್ಣೆಸ್ನಾನಕ್ಕೆ ಕಾಯಿಸುವ ಹಂಡೆ ತುಂಬ ನೀರು ಅದು. ಅಷ್ಟು ಶಾಖ ಕೆಲವೇ ನಿಮಿಷದಲ್ಲಿ ಆರು ಡ್ರಮ್ಮಿಗೆ ಹೋಗುತ್ತದೆ. ಕಬ್ಬಿಣ ಕಾದು ಹಿಗ್ಗುತ್ತದೆ, ಅಂದರೆ ಡ್ರಮ್ಮು, ಅದನ್ನು ಒಳಗಿನಿಂದ ಒತ್ತಿ ಹಿಡಿಯುವ ಲೈನಿಂಗಿನಿಂದ ದೂರ ಸರಿಯುತ್ತದೆ. ಲೈನಿಂಗ್ ಕಾದು ಹಿಡಿತ ಕಳೆದುಕೊಳ್ಳುತ್ತದೆ. ಪೆಡಲ್ ಒತ್ತಿದರೆ ಕಾಲಿಗೆ ಎಂದಿನ ಹಾಗೇ ಅನ್ನಿಸುತ್ತದೆ, ಗಾಡಿ ಮಾತ್ರ ನಿಲ್ಲುವುದಿಲ್ಲ. ಆಗ ಹೆದರಿದ ಡ್ರೈವರ್ ಪೆಡಲನ್ನು ಮೇಲಿಂದ ಮೇಲೆ ಒತ್ತಿ ಒತ್ತಿ ಬಿಡುತ್ತಾನೆ. ಪ್ರತಿ ಸಲ ಬಿಟ್ಟಾಗಲೂ ಟ್ಯಾಂಕಿನ ಗಾಳಿ ಹೊರಗೆ ಹೋಗುತ್ತದೆ, ಕಂಪ್ರೆಸರ್ ತುಂಬುವುದಕ್ಕಿಂತ ಬೇಗ ಖಾಲಿಯಾಗುತ್ತದೆ, ಗಾಳಿ ಕಡಿಮೆಯಾಯಿತು ಎಂದು ಬಜರ್ ಕೂಗಲು ಶುರುವಾಗುತ್ತದೆ. ಮರುದಿನ ಪೇಪರಿನಲ್ಲಿ ‘ಬ್ರೇಕ್ ಫೇಲ್’ ಎಂದು ಒಂದು ಸಾಲು ಬರುತ್ತದೆ. ಬ್ರೇಕಿನ ಒಂದು ಭಾಗವೂ ಮುರಿಯದೆ ಈ ‘ಫೇಲ್’ ಆಗಬಹುದು ಎಂಬುದು ಆ ಸಾಲಿನಲ್ಲಿ ಇರುವುದಿಲ್ಲ.

ಇದನ್ನು ತಪ್ಪಿಸುವ ದಾರಿ ಹಳಬರಿಗೆ ಬಾಯಿಪಾಠ. ಹತ್ತಲು ಯಾವ ಗೇರು ಬೇಕೋ ಇಳಿಯಲೂ ಅದೇ ಗೇರು. ಈಗಿನ ಇಂಜಿನ್‌ಗಳು ಬಲವಾದವು, ದೊಡ್ಡ ಗೇರಿನಲ್ಲೇ ಹತ್ತಿಬಿಡುತ್ತವೆ, ಹಾಗಾಗಿ ಇಳಿಯುವಾಗ ಅದಕ್ಕಿಂತ ಒಂದು ಕೆಳಗಿನದ್ದು ಒಳ್ಳೆಯದು. ಗೇರು ಇಳಿಸುವುದು ಇಳಿಜಾರು ಶುರುವಾಗುವ ಮೊದಲು, ಮೇಲೆ ಸಮತಟ್ಟಿನಲ್ಲಿ. ಅರ್ಧ ಇಳಿದ ಮೇಲೆ ಗೇರು ತೆಗೆದರೆ ಮತ್ತೆ ಬೀಳದೆಯೂ ಇರಬಹುದು, ಆಗ ಗಾಡಿ ನ್ಯೂಟ್ರಲ್‌ನಲ್ಲಿ ಓಡುತ್ತದೆ. ಇಂಜಿನ್ನಿನ ಹೊಗೆ ತಡೆದು ವೇಗ ತಗ್ಗಿಸುವ ಎಕ್ಸಾಸ್ಟ್ ಬ್ರೇಕ್ ಇರುವ ಗಾಡಿಯಲ್ಲಿ ಇಂಜಿನ್ ತಿರುಗುವಿಕೆ ಹೆಚ್ಚಿದ್ದಷ್ಟು ಅದರ ಬಲ ಹೆಚ್ಚು, ಆದ್ದರಿಂದಲೇ ಸಣ್ಣ ಗೇರು. ಕಾಲ್ಬ್ರೇಕನ್ನು ನವಿರಾಗಿ ಒತ್ತಿಕೊಂಡೇ ಇರಬಾರದು. ಒಮ್ಮೆ ಗಟ್ಟಿಯಾಗಿ ಒತ್ತಿ ವೇಗವನ್ನು ಹತ್ತು ಕಿಲೋಮೀಟರಿನಷ್ಟು ಇಳಿಸಬೇಕು, ಪೂರ್ತಿ ಬಿಡಬೇಕು. ವೇಗ ಮತ್ತೆ ಮೊದಲಿನಷ್ಟಾದಾಗ ಮತ್ತೊಮ್ಮೆ. ಆ ನಡುವಿನ ಹೊತ್ತಿನಲ್ಲಿ ಡ್ರಮ್ಮಿಗೆ ಗಾಳಿ ಹೊಡೆಯುತ್ತದೆ.

ಡೀಸೆಲ್ ಉಳಿಸಲು ನ್ಯೂಟ್ರಲ್ ಮಾಡಿ ಇಳಿಸುವ ಚಟವನ್ನು ಬೈದು ಬಿಡಿಸಲು ಆಗುವುದಿಲ್ಲ, ಲೆಕ್ಕ ತೋರಿಸಿ ಬಿಡಿಸಬೇಕು. ಈಗಿನ ಕಾಮನ್‌ರೈಲ್ ಇಂಜಿನ್‌ಗಳಲ್ಲಿ ಗಾಡಿ ಗೇರಿನಲ್ಲಿದ್ದು ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಡೀಸೆಲ್ ಹೋಗುವುದೇ ನಿಲ್ಲುತ್ತದೆ, ಚಕ್ರವೇ ಇಂಜಿನ್ನನ್ನು ತಿರುಗಿಸುತ್ತದೆ. ನ್ಯೂಟ್ರಲ್‌ಗೆ ಹಾಕಿದರೆ ಇಂಜಿನ್ ಬಂದ್ ಆಗದಂತೆ ಡೀಸೆಲ್ ಉರಿಯಲೇಬೇಕು. ಉಳಿತಾಯ ಎಂದುಕೊಂಡದ್ದು ಖರ್ಚು. ಈ ಒಂದು ಮಾತನ್ನು ಮೈಲೇಜ್ ಲೆಕ್ಕ ಹಿಡಿದು ಡ್ರೈವರನ್ನು ಪೀಡಿಸುವ ಓನರುಗಳಿಗೂ ಹೇಳಿಸಬೇಕು. ಇಂಜಿನ್ನನ್ನೇ ಆಫ್ ಮಾಡಿ ಇಳಿಸುವವರೂ ಇದ್ದಾರೆ. ಹಾಗೆ ಮಾಡಿದರೆ ಕಂಪ್ರೆಸರ್ ನಿಂತಿತು, ಪವರ್ ಸ್ಟೇರಿಂಗ್ ಬಿಗಿಯಾಯಿತು, ಕೈಯಲ್ಲಿ ಉಳಿದದ್ದು ದೇವರ ಹೆಸರು ಮಾತ್ರ.

ಎಲ್ಲ ಮಾಡಿಯೂ ಬ್ರೇಕ್ ಹೋದರೆ ಏನು ಮಾಡಬೇಕು ಎಂಬುದನ್ನು ಯಾರೂ ಹೇಳಿಕೊಡುವುದಿಲ್ಲ. ಗೇರು ಬಿಡಬಾರದು. ಎಕ್ಸಾಸ್ಟ್ ಬ್ರೇಕ್ ಹಾಕಿಯೇ ಇರಬೇಕು. ಹ್ಯಾಂಡ್ ಬ್ರೇಕನ್ನು ಒಮ್ಮೆಗೇ ಎಳೆಯದೆ ಸ್ವಲ್ಪಸ್ವಲ್ಪ ಹಿಡಿಯಬೇಕು. ಲೈಟು, ಹಾರ್ನು ನಿಲ್ಲಿಸಬಾರದು. ಕಣಿವೆಯ ಕಡೆಗಲ್ಲ, ಗುಡ್ಡ ಕಡಿದ ಗೋಡೆಯ ಕಡೆಗೆ ಗಾಡಿಯನ್ನು ಒರಸಿಕೊಂಡು ನಿಲ್ಲಿಸಬೇಕು. ಓನರಿನ ಬಾಡಿ ಹಾಳಾದೀತು ಎಂಬ ಅಂಜಿಕೆಯಲ್ಲಿ ಡ್ರೈವರ್ ಆ ಕಡೆಗೆ ತಿರುಗಿಸಲು ಹಿಂಜರಿಯುತ್ತಾನೆ. ಹಿಂಜರಿಯಬೇಡ, ತಗಡು ಹೋದರೆ ಹೋಗಲಿ ಎಂದು ಸರಕಾರದ ಕಡೆಯವರೇ ಒಮ್ಮೆ ಗಟ್ಟಿಯಾಗಿ ಹೇಳಿದರೆ ಆ ಹೊತ್ತಿಗೆ ಅವನ ಕೈ ಸರಿಯಾದ ಕಡೆ ತಿರುಗೀತು.

ಇನ್ನೊಂದು ದೊಡ್ಡ ಸಂಗತಿ ಎಡಬದಿ. ಕ್ಲೀನರ್ ಹೋದದ್ದರಿಂದ ಲಾರಿಯ ಎಡಗಣ್ಣೇ ಹೋಯಿತು. ಕಿಟಕಿಯಿಂದ ತಲೆ ಹೊರಗೆ ಹಾಕಿ, ಬಾಗಿಲಿಗೆ ಬಡಿದು, ‘ಬರಲಿ ಬರಲಿ, ನಿಲ್ಲಿಸಿ ಅಣ್ಣ, ಬೈಕ್ ಉಂಟು’ ಎನ್ನುತ್ತಿದ್ದ ಹುಡುಗ ಈಗ ಇಲ್ಲ. ಡ್ರೈವರ್ ಕೂರುವುದು ಬಲಗಡೆ, ಎತ್ತರದಲ್ಲಿ. ಎಡ ಬಾಗಿಲಿನ ಪಕ್ಕ, ಮುಂದಿನ ಬಂಪರಿನ ಎಡ ಮೂಲೆ, ಹಿಂದುಗಡೆ ಇವು ಅವನಿಗೆ ಕಾಣುವುದಿಲ್ಲ. ಒಂದು ಸ್ಕೂಟರು ಪೂರ್ತಿ ಮರೆಯಾಗುವಷ್ಟು ಜಾಗ ಅದು. ತಲಪಾಡಿಯಿಂದ ಚೆಂಗಳದವರೆಗೆ 39 ಕಿಲೋಮೀಟರ್ ಆರು ಪಥದ ಹೆದ್ದಾರಿ ಬಂದಿದೆ, ಅದರ ಅಕ್ಕಪಕ್ಕ ಸರ್ವಿಸ್ ರಸ್ತೆ. ಹೊಸಂಗಡಿ, ಉಪ್ಪಳ, ಕುಂಬಳೆಯಂಥ ಪೇಟೆಗಳಲ್ಲಿ ಆ ಸರ್ವಿಸ್ ರಸ್ತೆಯಲ್ಲೇ ಬಸ್ಸು, ರಿಕ್ಷಾ, ಶಾಲೆ ಮಕ್ಕಳು, ಮೀನು ಮಾರುವವರು ಎಲ್ಲ. ಲಾರಿ ಎಡಕ್ಕೆ ತಿರುಗುವಾಗ ಹಿಂದಿನ ಚಕ್ರ ಮುಂದಿನ ಚಕ್ರದ ದಾರಿಯಲ್ಲಿ ಬರುವುದಿಲ್ಲ, ಒಳಗೆ ಕತ್ತರಿಸಿಕೊಂಡು ಬರುತ್ತದೆ. ಬೈಕಿನವನಿಗೆ ಲಾರಿಯ ಮೂತಿ ಅಗಲಕ್ಕೆ ಹೋದದ್ದು ಕಂಡು ದಾರಿ ಬಿಟ್ಟರು ಅನ್ನಿಸುತ್ತದೆ, ಅವನು ಆ ಸಂದಿಗೆ ನುಗ್ಗುತ್ತಾನೆ. ಇಬ್ಬರಿಗೂ ಇದು ಗೊತ್ತಿರಬೇಕು. ಬೇಳದ ಮೈದಾನದಲ್ಲಿ ಲಾರಿಯ ಸುತ್ತ ಬೈಕುಗಳನ್ನು ನಿಲ್ಲಿಸಿ, ಡ್ರೈವರ್ ಸೀಟಿನಲ್ಲಿ ಒಬ್ಬೊಬ್ಬರನ್ನೇ ಕೂರಿಸಿ ಎಷ್ಟು ಕಾಣುತ್ತದೆ ಎಂದು ಕೇಳಿದರೆ ಅರ್ಧ ಗಂಟೆಯ ಪಾಠ. ಶಾಲೆ ಮಕ್ಕಳನ್ನೂ ಒಂದು ದಿನ ಕರೆತಂದು ಆ ಸೀಟಿನಲ್ಲಿ ಕೂರಿಸಿದರೆ ಇನ್ನೂ ಒಳ್ಳೆಯದು.

ಹೆದ್ದಾರಿ ಅಗಲವಾದ ಮೇಲೆ ವೇಗವೂ ಹೆಚ್ಚಿದೆ. ಲೋಡು ಲಾರಿ 60ರ ವೇಗದಲ್ಲಿದ್ದರೆ, ಅಪಾಯ ಕಂಡು ಕಾಲು ಬ್ರೇಕಿಗೆ ಹೋಗುವಷ್ಟರಲ್ಲೇ ಸುಮಾರು 25 ಮೀಟರ್ ದಾಟಿರುತ್ತದೆ. ಒಣ ರಸ್ತೆಯಲ್ಲಿ ಒಟ್ಟು ಸುಮಾರು 60 ಮೀಟರ್ ಇಲ್ಲದೆ ನಿಲ್ಲುವುದಿಲ್ಲ. 80ರಲ್ಲಿ ಇದು 95 ಮೀಟರಿನ ಹತ್ತಿರ ಹೋಗುತ್ತದೆ. ಮಳೆಯಲ್ಲಿ, ಅದೂ ಕೋರೆಯಿಂದ ಬಂದ ಲಾರಿಗಳ ಚಕ್ರದ ಕೆಮ್ಮಣ್ಣು, ಮೀನು ಲಾರಿಯಿಂದ ಸುರಿದ ನೀರು ರಸ್ತೆಯಲ್ಲಿ ಕಲಸಿಕೊಂಡಿರುವಲ್ಲಿ, ಈ ಲೆಕ್ಕ ಇನ್ನೂ ಉದ್ದವಾಗುತ್ತದೆ. ಮೈದಾನದಲ್ಲಿ ಹಗ್ಗ ಹಿಡಿದು 60 ಮೀಟರ್ ಅಳೆದು ತೋರಿಸಿದರೆ ಸಾಕು. ನೋಡಿದವರು ಮುಂದಿನ ಕಾರಿನ ಬಾಲ ಹಿಡಿದು ಓಡಿಸಲು ಎರಡು ಸಲ ಯೋಚಿಸುತ್ತಾರೆ.

ಮೊಬೈಲ್ ಮತ್ತು ಕುಡಿತದ ಬಗ್ಗೆ ನಾನು ಹೆಚ್ಚು ಬರೆಯುವುದಿಲ್ಲ, ಅದು ತಪ್ಪೆಂದು ಗೊತ್ತಿಲ್ಲದವರು ಯಾರೂ ಇಲ್ಲ. ನಿದ್ದೆಯ ವಿಷಯ ಹಾಗಲ್ಲ. ನಿದ್ದೆಗೆಟ್ಟು ಓಡಿಸುವುದನ್ನು ನಮ್ಮಲ್ಲಿ ಗಂಡಸುತನ ಎಂದು ಹೊಗಳುತ್ತಾರೆ. ಬೆಳಗಿನ ಜಾವ ಎರಡರಿಂದ ಐದರ ನಡುವೆ ಕಣ್ಣು ತೆರೆದೇ ನಾಲ್ಕು ಸೆಕೆಂಡ್ ಮಂಪರು ಬಂದರೆ 60ರ ವೇಗದಲ್ಲಿ ಲಾರಿ 65 ಮೀಟರಿಗೂ ಹೆಚ್ಚು ದೂರ ತಾನಾಗಿಯೇ ಹೋಗಿರುತ್ತದೆ. ಚಹಾ, ಮುಖಕ್ಕೆ ನೀರು, ಜೋರಾದ ಹಾಡು ಇವು ಯಾವುದೂ ನಿದ್ದೆಯನ್ನು ತುಂಬಿಕೊಡುವುದಿಲ್ಲ. ಇಪ್ಪತ್ತು ನಿಮಿಷ ಗಾಡಿ ಬದಿಗೆ ಹಾಕಿ ಮಲಗಿದರೆ ಸ್ವಲ್ಪ ದೂರಕ್ಕಾದರೂ ಆದೀತು. ಕಾನೂನು ಡ್ರೈವರಿನ ಪರ ಇದೆ. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯಿದೆಯಲ್ಲಿ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಕೆಲಸ, 5 ಗಂಟೆಗೆ ಮೀರದಂತೆ ಒಮ್ಮೆ ಅರ್ಧ ಗಂಟೆ ವಿಶ್ರಾಂತಿ ಎಂದಿತ್ತು; 2025ರ ನವೆಂಬರಿನಲ್ಲಿ ಅದರ ಬದಲು ಬಂದ ಕಾರ್ಮಿಕ ಸಂಹಿತೆಯಲ್ಲೂ ದಿನಕ್ಕೆ 8 ಗಂಟೆಯ ಮಿತಿ ಇದೆ. 1988ರ ಮೋಟಾರು ವಾಹನ ಕಾಯಿದೆಯ 91ನೇ ಸೆಕ್ಷನ್ 1961ರ ಆ ಗಂಟೆಗಳನ್ನೇ ಸಾರಿಗೆ ವಾಹನದ ಚಾಲಕರಿಗೆ ಅನ್ವಯಿಸಿತ್ತು. ಇದು ಗೊತ್ತಿಲ್ಲದ ಡ್ರೈವರ್ ‘ಬೆಳಿಗ್ಗೆ ಎಂಟಕ್ಕೆ ಅಲ್ಲಿ ಮುಟ್ಟಬೇಕು’ ಎಂಬ ಫೋನಿಗೆ ಆಗಲಿ ಎನ್ನುತ್ತಾನೆ.

ಲೋಡಿನ ವಿಷಯವೂ ಅಷ್ಟೇ. ಮಿತಿ ಮೀರಿ ಹೇರಿದರೆ ಮೋಟಾರು ವಾಹನ ಕಾಯಿದೆಯ 194ನೇ ಸೆಕ್ಷನ್ ಪ್ರಕಾರ 20,000 ರೂಪಾಯಿ, ಹೆಚ್ಚಿದ ಪ್ರತಿ ಟನ್ನಿಗೆ ಇನ್ನೂ 2,000 ದಂಡ. ಗಾಡಿ ಓಡಿಸಿದವನು ಓನರ್ ಅಲ್ಲದಿದ್ದರೆ, ಆ ಓವರ್‌ಲೋಡ್ ಓನರಿಗೆ ತಿಳಿದೇ ಆಗಿದೆ ಎಂದು ಕೋರ್ಟು ಭಾವಿಸಿಕೊಳ್ಳಬಹುದು ಎಂದು 113ನೇ ಸೆಕ್ಷನ್ ಹೇಳುತ್ತದೆ. ಈ ಎರಡನೆಯ ಮಾತನ್ನು ಡ್ರೈವರಿಗೆ ಹೇಳಿಕೊಡಿ. ‘ಇನ್ನು ನೂರು ಕಲ್ಲು ಹಾಕು’ ಎಂದವರ ಎದುರು ಅವನಿಗೆ ಒಂದು ಮಾತು ಸಿಕ್ಕಿದ ಹಾಗಾಗುತ್ತದೆ. ಟ್ರಿಪ್ಪಿನ ಲೆಕ್ಕದಲ್ಲಿ ಕೂಲಿ ಇರುವವರೆಗೆ, ಶಾಲೆ ಹೊತ್ತಿನಲ್ಲಿ ಟಿಪ್ಪರ್ ಓಡಬಾರದೆಂಬ ಒಳ್ಳೆಯ ನಿಯಮ ಕೂಡ, ಆ ಹೊತ್ತಿಗೆ ಮುಂಚೆ ಒಂದು ಟ್ರಿಪ್ ಜಾಸ್ತಿ ಹೊಡೆಯುವ ಓಟಕ್ಕೆ ಕಾರಣವಾಗುತ್ತಿದೆ. ನಿಯಮ ಬೇಡ ಎನ್ನುತ್ತಿಲ್ಲ. ಟ್ರಿಪ್ ಕೂಲಿಯ ಬದಲು ದಿನದ ಸಂಬಳ ಬಂದರೆ ಮಾತ್ರ ಆ ನಿಯಮದ ಪೂರ್ತಿ ಫಲ ಸಿಕ್ಕೀತು. ಓನರುಗಳ ಸಭೆ ಕರೆದಾಗ ತಾವು ಇದನ್ನು ಎತ್ತಬೇಕು.

ಕೆಟ್ಟು ನಿಂತ ಗಾಡಿಯ ಹಿಂದೆ ಸೊಪ್ಪು, ಕಲ್ಲು ಇಡುವ ಅಭ್ಯಾಸ ಇನ್ನೂ ಹೋಗಿಲ್ಲ. ರಾತ್ರಿ ಸೊಪ್ಪು ಯಾರಿಗೂ ಕಾಣುವುದಿಲ್ಲ. ಗಾಡಿ ರಿಪೇರಿ ಆಗಿ ಹೋದ ಮೇಲೂ ಕಲ್ಲು ಅಲ್ಲೇ ಉಳಿದು ಬೈಕಿನವರನ್ನು ಬೀಳಿಸುತ್ತದೆ. ಪ್ರತಿಫಲಿಸುವ ಕೆಂಪು ತ್ರಿಕೋನ ಪ್ರತಿ ಲಾರಿಯಲ್ಲೂ ಇರಬೇಕು, ಗಾಡಿಯ ಹಿಂದೆ ಕನಿಷ್ಠ 50 ಮೀಟರ್ ದೂರದಲ್ಲಿ, ತಿರುವಿನಲ್ಲಾದರೆ ತಿರುವಿಗೂ ಮೊದಲು ಇಡಬೇಕು. ಹೆದ್ದಾರಿಯಲ್ಲಾದರೆ 1033ಕ್ಕೆ ಫೋನ್ ಮಾಡಬೇಕು.

ಅಪಘಾತ ಆದ ಮೇಲಿನ ಮಾತು ಹೇಳದೆ ಈ ಪತ್ರ ಮುಗಿಸಲಾರೆ. ಡ್ರೈವರ್ ಓಡಿಹೋದ ಎಂದು ಊರವರು ಶಪಿಸುತ್ತಾರೆ. ಅವನು ಓಡುವುದು ಜನರ ಹೊಡೆತಕ್ಕೆ ಹೆದರಿ. ಗಾಯಾಳುವಿಗೆ ಚಿಕಿತ್ಸೆ ಸಿಗುವಂತೆ ಮಾಡುವುದು ಚಾಲಕನ ಕರ್ತವ್ಯ ಎನ್ನುವ ಮೋಟಾರು ವಾಹನ ಕಾಯಿದೆಯ 134ನೇ ಸೆಕ್ಷನ್‌ನಲ್ಲೇ, ಗುಂಪಿನ ಸಿಟ್ಟಿನಿಂದ ಅದು ಸಾಧ್ಯವಾಗದಿದ್ದರೆ ಎಂಬ ವಿನಾಯಿತಿಯೂ ಇದೆ. ಆದಷ್ಟು ಬೇಗ, ತಡ ಎಂದರೂ 24 ಗಂಟೆಯ ಒಳಗೆ ಹತ್ತಿರದ ಪೊಲೀಸ್ ಠಾಣೆಗೆ ಹೋಗಿ ಆದದ್ದನ್ನು ಹೇಳಬೇಕು. 2024ರ ಜನವರಿಯಲ್ಲಿ ದೇಶದಾದ್ಯಂತ ಲಾರಿಗಳು ನಿಂತದ್ದು ಜೀವ ಹೋದ ಅಪಘಾತವನ್ನು ತಿಳಿಸದೆ ಓಡಿಹೋದ ಚಾಲಕನಿಗೆ ಭಾರತೀಯ ನ್ಯಾಯ ಸಂಹಿತೆಯ 106(2)ರಲ್ಲಿ ಇಟ್ಟ ಹತ್ತು ವರ್ಷದವರೆಗಿನ ಶಿಕ್ಷೆಗೆ ಹೆದರಿ. ಅದೇ ವರ್ಷ ಜುಲೈ 1ಕ್ಕೆ ಸಂಹಿತೆ ಜಾರಿಯಾದಾಗ ಆ ಉಪಕಲಮನ್ನು ಜಾರಿಗೆ ತರಲಿಲ್ಲ. ಎಷ್ಟೋ ಡ್ರೈವರುಗಳು ಈಗಲೂ ಅದು ಬಂದೇ ಬಿಟ್ಟಿದೆ ಎಂದು ನಂಬಿದ್ದಾರೆ, ಹೆದರಿಕೆಯಲ್ಲಿ ಇನ್ನೂ ವೇಗವಾಗಿ ಓಡುತ್ತಾರೆ. ಲಾರಿ ಬಿಟ್ಟು ದೂರ ಹೋಗಬೇಕಾದರೂ 108ಕ್ಕೋ 112ಕ್ಕೋ ಒಂದು ಫೋನ್ ಮಾಡು, ನೇರ ಠಾಣೆಗೆ ಹೋಗು ಎಂದು ಹೇಳಿಕೊಟ್ಟಿದ್ದರೆ ರಸ್ತೆಯಲ್ಲಿ ರಕ್ತ ಸೋರಿ ಬಿದ್ದವನಿಗೆ ಹತ್ತು ನಿಮಿಷ ಬೇಗ ಆಂಬುಲೆನ್ಸ್ ಬಂದೀತು. ಊರವರಲ್ಲೂ ಕೈಮುಗಿದು ಕೇಳುತ್ತೇನೆ, ಹೊಡೆಯಬೇಡಿ. ಹೊಡೆಯುವ ಕೈಗಳು ಆ ಹೊತ್ತಿಗೆ ಗಾಯಾಳುವನ್ನು ಎತ್ತಬೇಕು.

ಇಂಥ ತರಬೇತಿ ಹೊಸ ಕಲ್ಪನೆ ಅಲ್ಲ. ಗ್ಯಾಸ್, ಪೆಟ್ರೋಲ್, ಆಸಿಡ್‌ನಂಥ ಅಪಾಯದ ಸರಕು ಸಾಗಿಸುವ ಡ್ರೈವರಿಗೆ 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 9ನೇ ನಿಯಮದಂತೆ ಮೂರು ದಿನದ ತರಬೇತಿ ಕಡ್ಡಾಯ, ನವೀಕರಣಕ್ಕೆ ಒಂದು ದಿನ. 2012ರ ಆಗಸ್ಟ್ 27ರ ರಾತ್ರಿ ಕಣ್ಣೂರಿನ ಚಾಲದಲ್ಲಿ ಮಂಗಳೂರಿನಿಂದ ಹೊರಟ ಗ್ಯಾಸ್ ಟ್ಯಾಂಕರ್ ಡಿವೈಡರಿಗೆ ಬಡಿದು ಮಗುಚಿ 20 ಜೀವ ಹೋಯಿತು. ಅಂಥ ಟ್ಯಾಂಕರುಗಳು ಪ್ರತಿ ರಾತ್ರಿ ನಮ್ಮ ಮಂಜೇಶ್ವರ, ಕುಂಬಳೆ ದಾಟಿಯೇ ಹೋಗುತ್ತವೆ. ಆದ್ದರಿಂದ ತರಬೇತಿ ಕೊಟ್ಟ ಮಾತ್ರಕ್ಕೆ ಎಲ್ಲ ನಿಂತುಹೋಗುತ್ತದೆ ಎಂದು ನಾನು ಹೇಳುತ್ತಿಲ್ಲ. ಆದರೆ ಗ್ಯಾಸಿನ ಲಾರಿಗೆ ಬೇಕಾದ ತಿಳಿವಳಿಕೆ 28 ಟನ್ ಕಲ್ಲಿನ ಲಾರಿಗೆ ಬೇಡವೇ? ಇಳಿಜಾರಿಗೆ ಲೋಡು ಯಾವುದಾದರೂ ಭಾರ ಒಂದೇ. ಇಲಾಖೆಯ ಚಾಲಕ ತರಬೇತಿ ಸಂಸ್ಥೆ ಎಡಪ್ಪಾಳಿನಲ್ಲಿದೆ ಎಂದು ಗೊತ್ತು. ಅದು ನಮಗೆ ಇನ್ನೂರಕ್ಕೂ ಹೆಚ್ಚು ಕಿಲೋಮೀಟರ್ ದೂರ. ಕೂಲಿ ಬಿಟ್ಟು ಅಲ್ಲಿಗೆ ಹೋಗಿ ಉಳಿಯುವ ಡ್ರೈವರ್ ಸಿಗುವುದು ಕಷ್ಟ. ಅಲ್ಲಿನ ಗುರುಗಳೇ ಬೇಳಕ್ಕೆ ಬರಲಿ.

ಕನ್ನಡದ ತಂಡ ಯಾಕೆ ಬೇಕೆಂದರೆ, ಪೇಟೆಯಲ್ಲಿ ವ್ಯವಹರಿಸುವಷ್ಟು ಮಲಯಾಳ ನಮಗೆಲ್ಲ ಬರುತ್ತದೆ. ಆದರೆ ಈ ಪಾಠ ಬರೀ ಕೇಳಿ ತಲೆಯಾಡಿಸಿ ಬರುವಂಥದ್ದಲ್ಲ. ‘ನನ್ನ ಗಾಡಿಯಲ್ಲಿ ಹೀಗಾಗುತ್ತದೆ, ಯಾಕೆ’ ಎಂದು ಎದ್ದು ಕೇಳಬೇಕು, ವಾದ ಮಾಡಬೇಕು. ಮನೆಮಾತಿನಲ್ಲಾದರೆ ಆ ಧೈರ್ಯ ಬರುತ್ತದೆ. ಇಳಿಜಾರುಗಳ ತಲೆಯಲ್ಲಿ, ಗೇರು ಇಳಿಸಲು ಸಮತಟ್ಟು ಇರುವಲ್ಲೇ, ಗೇರಿನ ಚಿತ್ರ ಸಹಿತ ದೊಡ್ಡ ಬೋರ್ಡು ಬೇಕು. ಮಲಯಾಳ, ಕನ್ನಡ, ಹಿಂದಿ ಮೂರರಲ್ಲೂ ಇರಲಿ, ರಾಜಸ್ಥಾನದಿಂದ ಮಾರ್ಬಲ್ ತರುವವನಿಗೂ ಈ ಇಳಿಜಾರು ಹೊಸತು. ತಿರುವಿಗೆ ಬಂದ ಮೇಲೆ ಕಾಣುವ ಬೋರ್ಡಿನಿಂದ ಪ್ರಯೋಜನ ಇಲ್ಲ.

ನಮ್ಮ ಕಡೆಯಿಂದ ಆಗುವುದನ್ನೂ ಹೇಳುತ್ತೇನೆ. ಗಾಡಿ ಬಿಟ್ಟು ಮನೆಯಲ್ಲಿರುವ ಹಳೆಯ ಡ್ರೈವರುಗಳು ಬದಿಯಡ್ಕ, ನೀರ್ಚಾಲು, ಪೆರ್ಲ ಕಡೆಯಲ್ಲಿ ಇದ್ದಾರೆ. ಸಂಬಳ ಕೇಳದೆ ಬಂದು ಕಲಿಸಲು ಅವರು ತಯಾರು, ಕರೆಯುವವರು ಬೇಕು ಅಷ್ಟೇ. ಲೋಡು ಲಾರಿಯನ್ನು ಒಂದು ದಿನದ ಮಟ್ಟಿಗೆ ಒದಗಿಸಲು ಒಪ್ಪುವ ಓನರುಗಳೂ ಸಿಗುತ್ತಾರೆ, ನಾನೇ ಮಾತಾಡುತ್ತೇನೆ. ಭಾನುವಾರ ಇಟ್ಟರೆ ಯಾರ ಕೂಲಿಯೂ ತಪ್ಪುವುದಿಲ್ಲ. ಮೇ ಕೊನೆಯಲ್ಲಿ ಬರುವ ಪತ್ತನಾಜೆಗೆ ಮುಂಚೆ ಮೊದಲ ತಂಡವನ್ನು ಕೂರಿಸಿದರೆ ಈ ಮಳೆಗಾಲಕ್ಕೇ ಅದರ ಉಪಯೋಗ ಆಗುತ್ತದೆ. ದಿನ ಗೊತ್ತುಮಾಡಿ ತಿಳಿಸಿ, ಕನಿಷ್ಠ ಮೂವತ್ತು ಡ್ರೈವರುಗಳನ್ನು ಕರೆದುಕೊಂಡು ಬರುವ ಹೊಣೆ ನನ್ನದು.

ಇತಿ ತಮ್ಮ ವಿಶ್ವಾಸಿ,
ಬದಿಯಡ್ಕ ಕಡೆಯ ಒಬ್ಬ ಲಾರಿ ಡ್ರೈವರ್